ಏಣಿ ಓನರ್ರು

ಯಡಿಯೂರಿನ ಹೆದ್ದಾರಿ ಬದಿಯ ಟೀ ಅಂಗಡಿಯಲ್ಲಿ ಯಾರಾದರೂ ನಿಮ್ಮ ಭುಜ ಮುಟ್ಟಿ, "ಸಾರ್, ಒಂದು ಮಾತು. ಇದ್ನ ಇಟ್ಕೊಳ್ಳೋದಾ, ತೆಗ್ಸೋದಾ?" ಎಂದು ಕೇಳಿದರೆ ಗಾಬರಿ ಬೀಳಬೇಡಿ. ಅವರು ಕೇಳುತ್ತಿರುವುದು ಮೂತ್ರಕೋಶದ ಕಲ್ಲಿನ ವಿಷಯವಲ್ಲ. ಎದುರಿಗೆ ನಿಂತ ಟಿಟಿಯ ಬೆನ್ನು ನೋಡಿ. ಅಲ್ಲಿ ಒಂದು ಕಬ್ಬಿಣದ ಏಣಿ ಅಂಟಿಕೊಂಡಿದೆ. ಅದರದೇ ವಿಚಾರ.

ಕೇಳಿದವರು ನಮ್ಮ ಓನರ್ರು. ಇರುವುದು ಒಂದೇ ಗಾಡಿ. ಅದಕ್ಕೆ ಡ್ರೈವರ್ರೂ ಅವರೇ, ಕ್ಲೀನರ್ರೂ ಅವರೇ. ಆದರೆ ಊರು ಅವರನ್ನು ಓನರ್ರು ಎಂದೇ ಕರೆಯುತ್ತದೆ. ಬಜಾಜ್ ಟೆಂಪೋ ಕಂಪನಿ 2005ರಲ್ಲಿ ಫೋರ್ಸ್ ಮೋಟಾರ್ಸ್ ಎಂದು ಹೆಸರು ಬದಲಿಸಿಕೊಂಡದ್ದು ನಮ್ಮ ಕಡೆ ಯಾರ ಗಮನಕ್ಕೂ ಬಂದಿಲ್ಲ. ಟೆಂಪೋ ಟ್ರಾವೆಲರ್ ಅಂದಿನಿಂದ ಇಂದಿನವರೆಗೂ ಟಿಟಿಯೇ.

ಬೇರೆ ದೇಶಗಳಲ್ಲಿ ಜನ ಮನೆಯನ್ನೇ ಗಾಡಿಯೊಳಗೆ ಕಟ್ಟಿಸಿಕೊಂಡು ಊರೂರು ತಿರುಗುತ್ತಾರಂತೆ. ನಾವು ಅದನ್ನು ಧರ್ಮಸ್ಥಳ ಟ್ರಿಪ್ಪಿನಲ್ಲಿ ಎಂದೋ ಮಾಡಿ ಮುಗಿಸಿದ್ದೇವೆ. ಅಡುಗೆಮನೆ ಟಾಪ್ ಮೇಲೆ, ಮಲಗುವ ಕೋಣೆ ಸೀಟಿನ ಮೇಲೆ, ಬಚ್ಚಲು ನೇತ್ರಾವತಿ ಹೊಳೆ. ಸಿಲಿಂಡರು, ಒಲೆ, ಕೊಳಗ, ಅಕ್ಕಿ ಮೂಟೆ ಎಲ್ಲವೂ ಕ್ಯಾರಿಯರ್‌ಗೆ ಏರುತ್ತಿದ್ದವು. ಮೇಲೊಂದು ಟಾರ್ಪಾಲು, ಅದಕ್ಕೆ ಹಗ್ಗ. ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ, ಹಾಸನ ದಾಟಿ, ಶಿರಾಡಿ ಘಾಟಿ ಇಳಿಯುವ ಮುಂಚೆ ಯಾವುದಾದರೂ ಮರದ ನೆರಳಲ್ಲಿ ಗಾಡಿ ನಿಂತರೆ ಓನರ್ರು ಪಂಚೆ ಎತ್ತಿ ಕಟ್ಟಿ ಏಣಿ ಹತ್ತುತ್ತಿದ್ದರು. ಅವರು ಮೇಲಿಂದ ಒಗ್ಗರಣೆ ಡಬ್ಬಿ ಇಳಿಸಿದ ಮೇಲೇ ಚಿತ್ರಾನ್ನ.

ಈಗ ಕಾಲ ಬದಲಾಗಿದೆ. ಪಾರ್ಟಿಗಳು ಹೋಟೆಲಿನಲ್ಲಿ ತಿನ್ನುತ್ತಾರೆ, ಕ್ಷೇತ್ರಗಳಲ್ಲಿ ಪ್ರಸಾದಕ್ಕೆ ಕೂರುತ್ತಾರೆ. ಕ್ಯಾರಿಯರ್ ಒಂದು ಆಲದ ಕೊಂಬೆಗೆ ತಗುಲಿ ಸೊಟ್ಟಗಾಗಿ ಗುಜರಿಗೆ ಹೋಯಿತು. ಏಣಿ ಮಾತ್ರ ಉಳಿಯಿತು. ಮೇಲೆ ಏನೂ ಇಲ್ಲ, ಹತ್ತುವ ದಾರಿ ಇದೆ.

ಬಾಡಿಗೆ ಗಾಡಿಗೆ ಎಂಟು ವರ್ಷ ತುಂಬಿದ ಮೇಲೆ ವರ್ಷವರ್ಷವೂ ಎಫ್‌ಸಿ. ಹಾಗಾಗಿ ನಮ್ಮೂರಿಗೆ ವರ್ಷಕ್ಕೆರಡು ಜಾತ್ರೆ: ಒಂದು ಸಿದ್ಧಲಿಂಗೇಶ್ವರ ಸ್ವಾಮಿಯದು, ಇನ್ನೊಂದು ಏಣಿಯದು. ಎಫ್‌ಸಿಗೆ ಹದಿನೈದು ದಿನ ಇರುವಾಗಲೇ ಓನರ್ರ ಸಮಾಲೋಚನೆ ಶುರು. "ಬ್ರೇಕ್ ಇನ್‌ಸ್ಪೆಕ್ಟ್ರು ಏನಂತಾರೋ!" ಎಂಬುದು ಪೀಠಿಕೆ. ಆ ಇನ್‌ಸ್ಪೆಕ್ಟರ್ ಇಷ್ಟು ವರ್ಷದಲ್ಲಿ ಏಣಿಯ ಕಡೆ ತಿರುಗಿಯೂ ನೋಡಿಲ್ಲ.

ಮೆಕ್ಯಾನಿಕ್ ಹುಡುಗ ತೆಗೆಯುವ ಪಕ್ಷ. "ಬೋಲ್ಟ್ ತೂತಲ್ಲಿ ನೀರಿಳೀತಾ ಐತಣ್ಣ. ಮಳೇಲಿ ಹಿಂದಿನ ಸೀಟೋರಿಗೆ ಪುಕ್ಸಟ್ಟೆ ಅಭಿಷೇಕ." ರಿಟೈರಾದ ಮೇಷ್ಟ್ರು ಕಾನೂನು ತೆಗೆದರು: 1988ರ ಮೋಟಾರು ವಾಹನ ಕಾಯ್ದೆ, 123ನೇ ಕಲಂ, ಗಾಡಿಯ ಟಾಪ್ ಮೇಲೆ ಯಾರೂ ಪ್ರಯಾಣ ಮಾಡಕೂಡದು. "ಏಣಿ ಇಟ್ಕೊಂಡ್ರೆ ಬನ್ನಿ ಹತ್ತಿ ಅಂತ ಲಗ್ನಪತ್ರಿಕೆ ಕೊಟ್ಟ ಹಾಗೆ ಕಣಯ್ಯ." ಗುಬ್ಬಿ ತಾಲ್ಲೂಕಿನ ಚೇಳೂರಿನಿಂದ ಬಂದ ಭಾವಮೈದುನ ಇಟ್ಟುಕೊಳ್ಳುವ ಪಕ್ಷ: "ಹಲಸಿನ ಕಾಲ್ದಾಗೆ ನಮ್ಮೂರ ಸಂತೆಗೆ ಬಂದು ನೋಡಿ ಭಾವ, ಏಣಿ ಬೆಲೆ ಗೊತ್ತಾಗ್ತದೆ." ಕ್ಯಾರಿಯರೇ ಇಲ್ಲದ ಟಾಪಿನ ಮೇಲೆ ಹಲಸಿನಹಣ್ಣು ಹೇಗೆ ನಿಲ್ಲುತ್ತದೆ ಎಂದು ಇಬ್ಬರೂ ಯೋಚಿಸಲಿಲ್ಲ.

ಅಮೆರಿಕದಲ್ಲಿರುವ ಅಕ್ಕನ ಮಗ ವಿಡಿಯೋ ಕಾಲ್‌ನಲ್ಲಿ ಸಿಕ್ಕ. "ಇಲ್ಲೂ ಅದೇ ತಲೆನೋವು ಮಾವ. ಮನೆ ಗಾಡಿಗೆ ಏಣಿ ಇಟ್ರೆ ಬೋಲ್ಟ್ ಹತ್ರ ಸೋರುತ್ತೆ. ತೆಗೆದ್ರೆ ಸೋರೋದನ್ನ ನೋಡೋಕೆ ಮೇಲೆ ಹತ್ತೋಕಾಗಲ್ಲ. ಕೆಲವ್ರು ಮಡಚೋ ಏಣಿ ತಗೋತಾರೆ." ಓನರ್ರು ಒಂದು ವಾರ ಮಡಚುವ ಏಣಿಯ ಗುಂಗಿನಲ್ಲಿದ್ದರು. ಎಂಟನೇ ದಿನ ಸಮಸ್ಯೆ ಎದುರಾಯಿತು: ಅದನ್ನು ಇಡುವುದೆಲ್ಲಿ? ಟಾಪ್ ಮೇಲೆ. ಟಾಪ್ ಹತ್ತುವುದು ಹೇಗೆ?

ಓನರ್ರ ವರಸೆ ಇಷ್ಟೇ. ನೀವು ತೆಗೆಸಿ ಎಂದರೆ, "ನಾಳೆ ಟಾಪ್ ತೊಳೀಬೇಕು ಅಂದ್ರೆ?" ಎನ್ನುತ್ತಾರೆ. ಇರಲಿ ಬಿಡಿ ಎಂದರೆ, "ಸೋರ್ತದಲ್ಲ ಸಾರ್" ಎನ್ನುತ್ತಾರೆ. ಹೋದ ವರ್ಷ ನಾನು ಮೂರು ಟೀ ಕುಡಿಯುವುದರೊಳಗೆ ನಾಲ್ಕು ಸಲ ಪಕ್ಷಾಂತರ ಮಾಡಿದೆ. ಮೂರಕ್ಕೂ ದುಡ್ಡು ಕೊಟ್ಟವರು ಅವರೇ.

ಇಷ್ಟೆಲ್ಲ ಕೇಳಿ ಅವರು ಅಳುಕಿನ ಮನುಷ್ಯ ಎಂದುಕೊಳ್ಳಬೇಡಿ. ಅವರ ಮನೆಯವರು ಹೇಳುವುದು ಕೇಳಿ: "ಮಗಳ ಮದ್ವೆ ಒಂದು ಲೋಟ ಕಾಫೀಲಿ ಒಪ್ಕೊಂಡ್ರು. ಸೈಟು ತಗೊಂಡಿದ್ದು ನಿಂತ ನಿಲುವಲ್ಲಿ. ಈ ಏಣಿಗೆ ಮಾತ್ರ ಆರು ವರ್ಷ! ತೆಗ್ಸಿಬಿಟ್ರೆ ಬೆಳಗ್ಗೆ ಎದ್ದು ಟೀ ಅಂಗಡೀಲಿ ಯಾರ ಹತ್ರ ಏನು ಮಾತಾಡ್ತಾರೆ, ಅದುನ್ನ ಹೇಳಿ." ನಾನು ಹೇಳಲಿಲ್ಲ. ನನಗೂ ಆ ಅಂಗಡಿಯಲ್ಲಿ ಬೇರೆ ಮಾತಿರಲಿಲ್ಲ.

ಕೊನೆಗೆ ಕೇಳಿದ್ದು ದೇವಸ್ಥಾನದ ಕಟ್ಟೆಯ ಮೇಲೆ ಕೂರುವ ಹಿರಿಯರೊಬ್ಬರನ್ನು. ಅವರು ಮೆಟ್ಟಿಲು ಎಣಿಸಿ ನಕ್ಕರು. "ಆರಿದಾವಲ್ಲೋ! ಕಗ್ಗೆರೆ ತೋಟದಲ್ಲಿ ತಪಸ್ಸು ಮಾಡಿ, ಷಟ್‌ಸ್ಥಲ ಜ್ಞಾನಸಾರಾಮೃತ ಬರೆದ ಸ್ವಾಮಿ ಐಕ್ಯವಾದ ಊರು ಇದು. ಭಕ್ತಸ್ಥಲದಿಂದ ಐಕ್ಯಸ್ಥಲದವರೆಗೆ ಆರೇ ಆರು. ನೀನು ಇನ್ನೂ ಮೊದಲನೇದರ ಮೇಲೇ ಕಾಲಿಟ್ಕೊಂಡು ನಿಂತಿದ್ದೀಯ. ಹತ್ತು, ಇಲ್ಲ ಇಳಿ."

ಆ ಮಾತು ನಾಟಿತು. ಮಾರನೆಯ ದಿನ ಓನರ್ರು ಯಾರನ್ನೂ ಕೇಳದೆ ಗಾಡಿಯನ್ನು ಕುಣಿಗಲ್ಲಿಗೆ ಹೊಡೆದರು. ಸಾಕ್ಷಿಗೆ ಬನ್ನಿ ಎಂದು ನನ್ನನ್ನೂ ಕೂರಿಸಿಕೊಂಡರು. ವೆಲ್ಡಿಂಗ್ ಶಾಪಿನವನು ಸುತ್ತಿಗೆಯಿಂದ ನಾಲ್ಕು ಏಟು ಕೊಟ್ಟ. ಸ್ಪ್ಯಾನರ್ ಹಾಕಿ ತಿರುಗಿಸಿದ. ತಿರುಗಿದ್ದು ಅವನ ಮಣಿಕಟ್ಟು.

"ಓನರ್ರೇ, ಬೋಲ್ಟು, ಏಣಿ, ಬಾಡಿ ಎಲ್ಲಾ ತುಕ್ಕು ಹಿಡ್ದು ಒಂದೇ ಆಗೋಗವೆ. ಕಟ್ ಮಾಡಿದ್ರೆ ಹಿಂದಿನ ಶೀಟೇ ಕಿತ್ಕೊಂಡ್ ಬತ್ತದೆ. ಏನ್ ಮಾಡ್ಲಿ?"

ಓನರ್ರ ಮುಖದಲ್ಲಿ ಆಗ ಕಂಡ ನೆಮ್ಮದಿ ಮಗಳ ಮದುವೆಯಲ್ಲೂ ಕಂಡಿರಲಿಲ್ಲ. "ಐಕ್ಯ ಆಗೋಯ್ತಲ್ಲ ಸಾರ್" ಎಂದು ಏಣಿಯನ್ನು ಒಮ್ಮೆ ಸವರಿ, ಕುಣಿಗಲ್ ಕೆರೆಯ ಕಡೆ ನೋಡುತ್ತಾ ನಿಂತರು. ವಾಪಸು ಬರುವಾಗ ದಾರಿಯುದ್ದಕ್ಕೂ ಮಾತಿಲ್ಲ. ಯಡಿಯೂರು ಬಂತು. ಟೀ ಅಂಗಡಿ ಮುಂದೆ ಗಾಡಿ ನಿಂತಿತು. ಇಳಿಯುತ್ತಿದ್ದ ನನ್ನ ಭುಜದ ಮೇಲೆ ಕೈ ಬಿತ್ತು.

"ಸಾರ್, ಒಂದು ಮಾತು. ಏಣಿಗೆ ಬಿಳೀ ಬಣ್ಣ ಹೊಡ್ಸೋದಾ, ಸಿಲ್ವರ್ರಾ?"