ಕೂಳೆಗದ್ದೆಯ ದ್ರಾವಿಡರು

ಶಿಕಾರಿಪುರ, ಸೊರಬದ ಕಡೆ ಕ್ರಿಕೆಟ್ ಆಡುವವರಲ್ಲಿ ತನ್ನ ಹಾಗೆ ತಾನು ಆಡುವವನು ಒಬ್ಬನೂ ಸಿಗಲಾರ. ಭತ್ತದ ಕೊಯ್ಲು ಮುಗಿದು, ಹುಲ್ಲು ಬಣವೆ ಸೇರಿ, ಗದ್ದೆ ಒಣಗಿತೆಂದರೆ ಸಾಕು, ಶಿರಾಳಕೊಪ್ಪದಿಂದ ಆನವಟ್ಟಿಯ ತನಕ ಸೆಹ್ವಾಗರು, ಕೊಹ್ಲಿಗಳು, ಬುಮ್ರಾಗಳು ಹುಟ್ಟಿಕೊಳ್ಳುತ್ತಾರೆ. ತಂಡಕ್ಕೆ ಹೊಸಬನೊಬ್ಬ ಬಂದರೆ ಅವನ ಹೆಸರು, ಮನೆ, ಮನೆತನ ಎಲ್ಲ ಆಮೇಲೆ. ಮೊದಲು ಕೇಳುವುದು, "ನೀ ಯಾರ್ ತರ ಆಡ್ತೀಯೋ ಮಾರಾಯ?" ಮದುವೆ ಮಾತುಕತೆಯಲ್ಲಿ ಗೋತ್ರ ಕೇಳಿದ ಹಾಗೆ. ಗೋತ್ರ ತಿಳಿದರೆ ಅವನನ್ನು ಎಷ್ಟನೆಯವನಾಗಿ ಇಳಿಸಬೇಕು, ಎಲ್ಲಿ ಫೀಲ್ಡಿಂಗ್ ನಿಲ್ಲಿಸಬೇಕು ಎಂಬುದೆಲ್ಲ ಸಲೀಸು. ಆಡಲು ಬರುತ್ತದೋ ಇಲ್ಲವೋ ಎಂಬುದು ಹೇಗೂ ಎರಡು ಬಾಲಿನಲ್ಲಿ ಗೊತ್ತಾಗುತ್ತದೆ.

ಈ ಗೋತ್ರ ಹಂಚಿಕೆಗೊಂದು ನಿಯಮವಿದೆ. ಯಾರೂ ತಮ್ಮ ಬಲ ನೋಡಿ ಆಟಗಾರನನ್ನು ಆರಿಸಿಕೊಳ್ಳುವುದಿಲ್ಲ. ತಮ್ಮ ಕೊರತೆಗೆ ಮರ್ಯಾದೆ ತಂದುಕೊಡುವವನನ್ನು ಆರಿಸುತ್ತಾರೆ. ಚೆಂಡು ತಿರುಗಿಸಲು ಬಾರದ ಸ್ಪಿನ್ನರುಗಳೆಲ್ಲ ಅನಿಲ್ ಕುಂಬ್ಳೆ. "ಕುಂಬ್ಳೆ ಬಾಲೂ ಅಷ್ಟೇನ್ ತಿರುಗ್ತಿರ್ಲಿಲ್ಲ" ಎಂಬ ಒಂದೇ ವಾಕ್ಯದ ಆಸರೆಯಲ್ಲಿ ಎಷ್ಟೋ ಮಂದಿ ವರ್ಷಗಟ್ಟಲೆ ಬೌಲಿಂಗ್ ಮಾಡಿಕೊಂಡು ಬಂದಿದ್ದಾರೆ. ಅಷ್ಟೇನೂ ತಿರುಗದ ಆ ಚೆಂಡಿಗೇ ಟೆಸ್ಟಿನಲ್ಲಿ 619 ವಿಕೆಟ್ ಬಿದ್ದವು ಎಂಬ ಉತ್ತರಾರ್ಧವನ್ನು ಯಾರೂ ಹೇಳುವುದಿಲ್ಲ. ಮೈ ಭಾರವಾಗಿ ಓಡಲಾಗದವರು ಇಂಜಮಾಮ್. ರನೌಟ್ ಆದಷ್ಟೂ ಹೋಲಿಕೆ ಗಟ್ಟಿಯಾಗುತ್ತದೆ. ಮೊದಲ ಬಾಲಿಗೇ ಸೊನ್ನೆಗೆ ಔಟಾಗಿ ಬಂದವನಿಗೂ ಜಿಲ್ಲೆಯೊಳಗೇ ಆಸರೆಯುಂಟು. ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್ 1969ರಲ್ಲಿ ಕಾನ್ಪುರದಲ್ಲಿ ತಮ್ಮ ಮೊದಲ ಟೆಸ್ಟ್ ಆಡಿದಾಗ ಮೊದಲ ಇನ್ನಿಂಗ್ಸಿನಲ್ಲಿ ಸೊನ್ನೆ, ಎರಡನೆಯದರಲ್ಲಿ 137. "ನಂದೂ ವಿಶ್ವನಾಥ್ ಸ್ಟಾರ್ಟೇ ಕಣೋ, ಈ ಟೂರ್ನಮೆಂಟಲ್ಲಿ ಸೆಕೆಂಡ್ ಇನ್ನಿಂಗ್ಸ್ ಇಟ್ಟಿಲ್ಲ, ಅದಕ್ಕೆ ನಾನೇನ್ ಮಾಡ್ಲಿ?" ಎಂದವನಿಗೆ ಕಮಿಟಿಯವರು ಏನು ಉತ್ತರ ಕೊಟ್ಟಾರು!

ನನ್ನ ಮಟ್ಟಿಗೆ ಹೇಳುವುದಾದರೆ ನಾನು ಸ್ಪಿನ್ನರ್ ಬಿ.ಎಸ್. ಚಂದ್ರಶೇಖರ್ ಗೋತ್ರದವನು. ಟೆಸ್ಟಿನಲ್ಲಿ ಅವರ ವಿಕೆಟ್ 242, ರನ್ 167. ವಿಕೆಟ್ಟಿನ ಭಾಗ ಬಿಟ್ಟರೆ ಉಳಿದುದೆಲ್ಲ ನನಗೆ ಚೆನ್ನಾಗಿ ಹೊಂದುತ್ತದೆ.

ಎಲ್ಲರಿಗಿಂತ ಕಷ್ಟ ದ್ರಾವಿಡ್ ಗೋತ್ರದವರದ್ದು. ಟೆಸ್ಟಿನಲ್ಲಿ ರಾಹುಲ್ ದ್ರಾವಿಡ್ ಎದುರಿಸಿದ ಎಸೆತಗಳು 31,258. ನಮ್ಮ ಆರು ಓವರಿನ ಮ್ಯಾಚಿನಲ್ಲಿ ಇಡೀ ತಂಡಕ್ಕೆ ಸಿಗುವುದು 36. ಅದರಲ್ಲಿ ಹನ್ನೆರಡನ್ನು ಒಬ್ಬನೇ ಮೊಣಕಾಲು ಬಗ್ಗಿಸಿ, ಮೊಣಕೈ ಎತ್ತಿ, ಅಂದವಾಗಿ ತಡೆದು ನಿಲ್ಲಿಸಿದರೆ ಬದುವಿನ ಮೇಲೆ ಕುಳಿತ ಉಳಿದ ಬ್ಯಾಟ್ಸ್‌ಮನ್‌ಗಳ ಬಾಯಿ ಸುಮ್ಮನಿರುವುದಿಲ್ಲ. ಅದರ ಮೇಲೆ ಟೆನಿಸ್ ಬಾಲು ಬೇರೆ. ತಡೆದರೆ ಕಾಲಡಿಗೆ ಬೀಳದೆ ಪುಟಿದು ನೇರ ಬೌಲರ್ ಕೈಗೇ ಹೋಗಿ ಕೂರುತ್ತದೆ. ನಮ್ಮ ದ್ರಾವಿಡ್ ಒಬ್ಬನಿಗೆ, 2003ರಲ್ಲಿ ಹೈದರಾಬಾದಿನಲ್ಲಿ ನ್ಯೂಜಿಲೆಂಡ್ ಮೇಲೆ ದ್ರಾವಿಡ್ ಅವರೇ 22 ಬಾಲಿಗೆ 50 ಹೊಡೆದಿದ್ದಾರೆ, ನೀನೂ ಒಂಚೂರು ಬೀಸಪ್ಪ ಎಂದು ಯಾರೋ ನೆನಪಿಸಿದರು. ಅವನು ಗಂಭೀರವಾಗಿ, "ಅವತ್ತು ಅವ್ರು ಅವ್ರ ಆಟ ಆಡ್ಲಿಲ್ಲ" ಎಂದ. ಸ್ವತಃ ದ್ರಾವಿಡ್ ಅವರಿಗಿಂತ ಹೆಚ್ಚು ನಿಷ್ಠೆಯಿಂದ ದ್ರಾವಿಡ್ ಆಗಿರುವವರು ನಮ್ಮಲ್ಲಿದ್ದಾರೆ.

ನಿಜ ನೋಡಿದರೆ ಇವರ ಆಟವನ್ನು ರೂಪಿಸಿದ್ದು ದ್ರಾವಿಡರೂ ಅಲ್ಲ, ಕುಂಬ್ಳೆಯೂ ಅಲ್ಲ, ಗದ್ದೆ. ಕೂಳೆಯ ಮೇಲೆ ಬಿದ್ದ ಚೆಂಡು ಎತ್ತ ಹೋಗುತ್ತದೆಂದು ಹಾಕಿದವನಿಗೂ ಗೊತ್ತಿರುವುದಿಲ್ಲ, ಹಾಗಾಗಿ ಜನವರಿಯಲ್ಲಿ ಎಲ್ಲರೂ ಮಾಂತ್ರಿಕ ಸ್ಪಿನ್ನರುಗಳೇ. ಈಚೆಗೆ ಗದ್ದೆಗಳು ಒಂದೊಂದಾಗಿ ಅಡಿಕೆ ತೋಟವಾಗುತ್ತಿವೆ. ಚೆಂಡು ತೋಟಕ್ಕೆ ಹೋದರೆ ಔಟು ಎಂಬ ಕಾನೂನು ಹಾಕಿಕೊಂಡ ಊರಿನಲ್ಲಿ, ತೋಟ ಯಾವ ಬದಿಗಿದೆ ನೋಡಿ, ಬ್ಯಾಟಿಂಗ್ ಶೈಲಿಯನ್ನು ಅಲ್ಲೇ ಹೇಳಿಬಿಡಬಹುದು. ಲೆಗ್ ಸೈಡಿಗೆ ತೋಟವಿದ್ದರೆ ಊರಿಗೆ ಊರೇ ಸ್ಕ್ವೇರ್ ಕಟ್ ಕಲಿತು ವಿಶ್ವನಾಥ್ ಆಗುತ್ತದೆ. ಆಫ್ ಸೈಡಿಗಿದ್ದರೆ ಎಲ್ಲವನ್ನೂ ಎಳೆದೆಳೆದು ಲೆಗ್ಗಿಗೇ ಬಾರಿಸುತ್ತಾರೆ. ಹೆಸರು ಮಾತ್ರ ಟಿವಿಯಿಂದ ಬಂದದ್ದು.

ಟಿವಿ ಬರುವ ಮೊದಲಿನ ತಲೆಮಾರಿನವರು ಇನ್ನೂ ಸ್ವತಂತ್ರರು. ಅವರು ವಿಶ್ವನಾಥರನ್ನು ರೇಡಿಯೋದಲ್ಲಿ ಕೇಳಿದ್ದರು, ಪೇಪರಿನ ಒಂದು ಮಸುಕು ಫೋಟೋದಲ್ಲಿ ನೋಡಿದ್ದರು. 1975ರಲ್ಲಿ ಮದರಾಸಿನಲ್ಲಿ ಆಂಡಿ ರಾಬರ್ಟ್ಸ್ ಎದುರು ಔಟಾಗದೆ ಉಳಿದು ಹೊಡೆದ 97 ಅವರಿಗೆ ಬಾಯಿಪಾಠ. ಆದರೆ ಫೋಟೋದಲ್ಲಿರುವುದು ಹೊಡೆತದ ಒಂದು ಕ್ಷಣ. ಅದರ ಹಿಂದು ಮುಂದನ್ನು ಊರೂರಿನವರು ತಮಗೆ ತೋಚಿದಂತೆ ತುಂಬಿಕೊಂಡರು. ಹೀಗಾಗಿ ಶಿಕಾರಿಪುರದ ಸ್ಕ್ವೇರ್ ಕಟ್ ಬೇರೆ, ಸೊರಬದ್ದು ಬೇರೆ. ಟಿವಿ ಬಂದ ಮೇಲೆ ಹೊಡೆತಕ್ಕಿಂತ ಚಟಗಳು ಹೆಚ್ಚು ಹರಡಿದವು. ಕವರ್ ಡ್ರೈವ್ ಕಲಿಯಲು ವರ್ಷ ಬೇಕು. ಪ್ರತಿ ಬಾಲಿಗೂ ಗ್ಲೌಸಿನ ಪಟ್ಟಿ ಬಿಚ್ಚಿ ಕಟ್ಟಲು, ಕಾಲರ್ ಎತ್ತಿ ಚ್ಯೂಯಿಂಗ್ ಗಮ್ ಜಗಿಯಲು ಒಂದು ಮಧ್ಯಾಹ್ನ ಸಾಕು. ಗ್ಲೌಸೇ ಇಲ್ಲದವನೂ ಮಣಿಕಟ್ಟು ತಿರುವಿ ತಿರುವಿ ಕಟ್ಟಿಕೊಳ್ಳುವುದನ್ನು ನೋಡಿದ್ದೇನೆ.

ಇದನ್ನೆಲ್ಲ ಪೊಳ್ಳು ಬಡಾಯಿ ಎಂದು ತಳ್ಳಿಹಾಕುವವರು ಈ ಸೀಮೆಯ ಇತಿಹಾಸ ಓದಿಲ್ಲ. ಬನವಾಸಿ ಸೊರಬದ ಪಕ್ಕದಲ್ಲೇ ಇದೆ. ಅದನ್ನು ಮನಸಾರೆ ಹೊಗಳಿದ ಪಂಪ ಹತ್ತನೆಯ ಶತಮಾನದಲ್ಲಿ 'ವಿಕ್ರಮಾರ್ಜುನ ವಿಜಯ' ಬರೆದಾಗ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನಿಗೇ ಸಮೀಕರಿಸಿದ. ಅಷ್ಟೇ ಅಲ್ಲ, ಅರಿಕೇಸರಿಯ ಬಿರುದುಗಳನ್ನು ಅರ್ಜುನನಿಗೆ ತೊಡಿಸಿದ. ತಾಳಗುಂದದ ಕಂಬ, ಬಳ್ಳಿಗಾವಿಯ ಶಾಸನಗಳು ಇರುವ ನೆಲ ಇದು. ಹೊಗಳಿಕೆ ಇಲ್ಲಿ ಕಲ್ಲಿನಲ್ಲೇ ಕೂತಿದೆ. ಊರ ಹೊರಗಿನ ವೀರಗಲ್ಲುಗಳನ್ನು ನೋಡಿ. ಎಷ್ಟೋ ಕಲ್ಲುಗಳ ಹಿಂದಿರುವುದು ದನ ಹೊಡೆದುಕೊಂಡು ಹೋದವರ ಜೊತೆ ನಡೆದ ಊರ ಜಗಳ. ಅಲ್ಲಿ ಸತ್ತವನನ್ನು ನಡುವಿನ ಸಾಲಿನಲ್ಲಿ ಅಪ್ಸರೆಯರು ಎತ್ತಿಕೊಂಡು ಹೋಗುತ್ತಾರೆ, ಮೇಲಿನ ಸಾಲಿನಲ್ಲಿ ಅವನು ಶಿವನ ಸನ್ನಿಧಿಯಲ್ಲಿ ಕೂತಿರುತ್ತಾನೆ. ಟೂರ್ನಮೆಂಟಿನಲ್ಲಿ ಮೈಕು ಹಿಡಿದವನು "ಬಂದ್ರು ನೋಡಿ ನಮ್ಮೂರ ಸೆಹ್ವಾಗ್" ಎಂದು ಕೂಗುವಾಗ ಆ ಪರಂಪರೆಯನ್ನೇ ಮುಂದುವರಿಸುತ್ತಿದ್ದಾನೆ. ಅದೂ ಅಲ್ಲದೆ ಬಂಗಾರಪ್ಪ, ಯಡಿಯೂರಪ್ಪ ಇಬ್ಬರನ್ನೂ ವಿಧಾನಸೌಧದ ದೊಡ್ಡ ಕುರ್ಚಿಗೆ ಕಳಿಸಿದ ತಾಲ್ಲೂಕುಗಳಿವು. ಸಣ್ಣ ಹೋಲಿಕೆ ನಮಗೆ ಒಗ್ಗುವುದಿಲ್ಲ.

ದೊಡ್ಡವರಿಗೂ ಈ ಚಪಲ ತಪ್ಪಿದ್ದಲ್ಲ. ಸಚಿನ್ ಆಡುವುದನ್ನು ಟಿವಿಯಲ್ಲಿ ಕಂಡ ಡಾನ್ ಬ್ರಾಡ್ಮನ್ ಹೆಂಡತಿ ಜೆಸ್ಸಿಯನ್ನು ಕರೆದು, ಈ ಹುಡುಗ ನನ್ನ ಹಾಗೆಯೇ ಆಡುತ್ತಾನಲ್ಲವೇ ಎಂದು ಕೇಳಿದರಂತೆ. ಗಾವಸ್ಕರ್ ತಮ್ಮ ಮಗನ ಹೆಸರಿನಲ್ಲೇ ರೋಹನ್ ಕನ್ಹಾಯ್, ಜೈಸಿಂಹ, ವಿಶ್ವನಾಥ್ ಮೂವರನ್ನೂ ಕೂಡಿಸಿ ರೋಹನ್ ಜೈವಿಶ್ವ ಎಂದಿಟ್ಟರು. ಸೊರಬದ ನಿವೃತ್ತ ಮೇಷ್ಟ್ರೊಬ್ಬರು ಟಿವಿಯಲ್ಲಿ ದ್ರಾವಿಡರ ಆಟ ನೋಡುತ್ತ, ಬ್ರಾಡ್ಮನ್ ಕಥೆ ಕೇಳದೆಯೇ, ಹೆಂಡತಿಯನ್ನು ಕರೆದು ಅದೇ ಮಾತು ಹೇಳಿದರು. ಆಯಮ್ಮ ಅಡುಗೆಮನೆಯಿಂದಲೇ, "ಹಂಗಾರೆ ಅವ್ರೂ ಹೇಳಿದ್ ಕೆಲ್ಸಕ್ಕೆ ಎದ್ದೇಳಲ್ವಾ?" ಎಂದರು.

ಮೇಷ್ಟ್ರ ಮಾತನ್ನು ತಮಾಷೆ ಎಂದು ಬಿಡುವಂತಿಲ್ಲ. ಈಗ ಪ್ರತಿ ಗದ್ದೆಯಲ್ಲೂ ಧೋನಿ ಹೆಸರಿನಲ್ಲಿ ತಿರುಗುವ ಹೆಲಿಕಾಪ್ಟರ್ ಶಾಟನ್ನು ಧೋನಿ ಕಲಿತದ್ದು ಯಾವ ಅಕಾಡೆಮಿಯಲ್ಲೂ ಅಲ್ಲ. ರಾಂಚಿಯಲ್ಲಿ ಟೆನಿಸ್ ಬಾಲ್ ಆಡುತ್ತಿದ್ದಾಗ, ಗೆಳೆಯ ಸಂತೋಷ್ ಲಾಲ್ ಅವರಿಂದ. ಅಂದರೆ ಟೆನಿಸ್ ಬಾಲಿನ ಹೊಡೆತವೊಂದು ಊರು ಬಿಟ್ಟು, ವಿಶ್ವಕಪ್ಪು ಸುತ್ತಿ, ಟಿವಿಯೊಳಗೆ ಹಾದು ಆನವಟ್ಟಿಯ ಟೆನಿಸ್ ಬಾಲಿಗೇ ಬಂದು ಸೇರಿದೆ. ಇದರಲ್ಲಿ ಯಾರು ಯಾರ ತರ ಆಡುತ್ತಿದ್ದಾರೆ ಎಂದು ತೀರ್ಮಾನಿಸುವುದು ಕಷ್ಟ. ಅರ್ಜುನನೇ ಅರಿಕೇಸರಿಯ ಬಿರುದು ತೊಟ್ಟು ನಡೆದಾಡಿದ ಮೇಲೆ ದ್ರಾವಿಡರಿಗೆ ಅಂಥ ಮುಜುಗರವೇನೂ ಆಗಬಾರದು. ಎಂದಾದರೂ ಸೊರಬದ ಕಡೆ ಬಂದರೆ ಮೇಷ್ಟ್ರ ಎದುರು ನಾಲ್ಕು ಬಾಲು ತಡೆದು ತೋರಿಸಲಿ. ಹೋಲಿಕೆ ಸರಿಯಾಗಿದೆಯೋ, ಇನ್ನೂ ಸ್ವಲ್ಪ ತಿದ್ದಿಕೊಳ್ಳಬೇಕೋ ಅವರು ಹೇಳುತ್ತಾರೆ.