ಉದ್ಧಾರಕ ಹೆಲಿಕಾಪ್ಟರ್ ಮೀಮಾಂಸೆ

ಯಾವ ಶಾಸ್ತ್ರವನ್ನು ಆರಂಭಿಸುವಾಗಲೂ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧ ಚತುಷ್ಟಯವನ್ನು ಮೊದಲು ನಿರೂಪಿಸಬೇಕೆಂಬುದು ಪೂರ್ವಸೂರಿಗಳ ಕಟ್ಟಳೆಯಾದುದರಿಂದ, ಗಣಕಯಂತ್ರದ ಮುಂದೆ ಕುಳಿತು, ಸಮುದ್ರದಲ್ಲಿ ಮುಳುಗುತ್ತಿರುವವರನ್ನು ಮೇಲೆತ್ತುವ ಹೆಲಿಕಾಪ್ಟರನ್ನು ಸ್ವಹಸ್ತದಿಂದ ಕಟ್ಟುವ ವಿದ್ಯೆಗೂ ಆ ನಾಲ್ಕನ್ನು ಹೇಳಲೇಬೇಕಾಗಿದೆ. ವಿಷಯವು ‘ಸ್ಟಾರ್ಮ್‌ವರ್ಕ್ಸ್: ಬಿಲ್ಡ್ ಆಂಡ್ ರೆಸ್ಕ್ಯೂ’ ಎಂಬ, ಬ್ರಿಟನ್ನಿನಲ್ಲಿ ಹುಟ್ಟಿ, 2018ರಲ್ಲಿ ಅಪೂರ್ಣಾವಸ್ಥೆಯಲ್ಲಿಯೂ 2020ರಲ್ಲಿ ಪೂರ್ಣರೂಪದಲ್ಲಿಯೂ ಲೋಕಕ್ಕೆ ಬಂದ ಆಟ. ಪ್ರಯೋಜನವು ಪರೋಪಕಾರ. ಅಧಿಕಾರಿಯೆಂದರೆ, ಬೆಳಗಾದರೆ ಕಚೇರಿಗೆ ಹೋಗಬೇಕಾಗಿದ್ದರೂ ನಡುರಾತ್ರಿ ಕಳೆಯುವವರೆಗೆ ಎಚ್ಚರವಾಗಿರಬಲ್ಲವನು. ಸಂಬಂಧದ ವಿಚಾರವನ್ನು ಮಾತ್ರ ಆ ಅಧಿಕಾರಿಯ ಮನೆಯವರನ್ನು ಕೇಳಿ ತಿಳಿಯತಕ್ಕದ್ದು.

ಈ ಲೋಕದ ಅಣುವು ಕಣಾದ ಮಹರ್ಷಿಯ ಪರಮಾಣುವಿನಂತೆ ಅಗೋಚರವಲ್ಲ. ಪ್ರತಿಯೊಂದು ಮಗ್ಗುಲೂ 25 ಸೆಂಟಿಮೀಟರ್ ಇರುವ ಘನಾಕೃತಿ. ಇಂಥ ಅಣುಗಳನ್ನು ವರ್ಕ್‌ಬೆಂಚಿನ ಮುಂದೆ ನಿಂತು ಒಂದಕ್ಕೊಂದು ಅಂಟಿಸುತ್ತ, ನೆಲ, ಗೋಡೆ, ಗಾಜು, ಎಂಜಿನ್ನು, ಇಂಧನದ ತೊಟ್ಟಿ ಎಂದು ಸೃಷ್ಟಿಯನ್ನು ವಿಸ್ತರಿಸಿಕೊಂಡು ಹೋದ ಸಾಧಕನು, ಬ್ರಹ್ಮನಿಗೂ ತನಗೂ ಇರುವ ಅಂತರವು ಕೇವಲ ತಲೆಗಳ ಸಂಖ್ಯೆಯಲ್ಲಿದೆಯೆಂದು ಭಾವಿಸುವ ಹೊತ್ತಿಗೆ, ಒಳಗೆ ಹೋಗಲು ಬಾಗಿಲನ್ನೇ ಇಟ್ಟಿಲ್ಲವೆಂಬುದು ಗೋಚರವಾಗುವುದು.

ಇಲ್ಲಿ ಪೂರ್ವಪಕ್ಷಿಯು ಕೇಳುತ್ತಾನೆ: ‘ನೆತ್ತಿಯ ಮೇಲೆ ತಿರುಗುವ ರೋಟರೊಂದಿದ್ದರೆ ಸಾಲದೆ? ಬಾಲವೇತಕ್ಕೆ?’ ಸಾಲದು. ಎಂಜಿನ್ನು ರೋಟರನ್ನು ಒಂದು ದಿಕ್ಕಿಗೆ ತಿರುಗಿಸಿದರೆ, ಅಷ್ಟೇ ಬಲವು ಒಡಲನ್ನು ಎದುರು ದಿಕ್ಕಿಗೆ ತಿರುಗಿಸುವುದು. 1687ರಲ್ಲಿ ನ್ಯೂಟನ್ನನು ಗ್ರಂಥಸ್ಥಗೊಳಿಸಿದ ಈ ನಿಯಮಕ್ಕೆ ಆಟದೊಳಗೂ ವಿನಾಯಿತಿಯಿಲ್ಲವಾಗಿ, ಬಾಲವಿಲ್ಲದ ಯಂತ್ರದಲ್ಲಿ ಕುಳಿತ ಪೈಲಟನು ಬೀಸುವ ಕಲ್ಲಿನ ಮೇಲೆ ಸಿಕ್ಕಿಬಿದ್ದ ಇಲಿಯಂತೆ ದಶದಿಕ್ಕುಗಳನ್ನೂ ಒಮ್ಮೆಲೇ ದರ್ಶಿಸುವನು. ಇದಕ್ಕೆ ಪರಿಹಾರವನ್ನು ಹೇಳುವವರಲ್ಲಿ ಎರಡು ಪಂಥಗಳುಂಟು. ಬಾಲದ ತುದಿಯಲ್ಲಿ ಸಣ್ಣ ರೋಟರೊಂದನ್ನು ಅಡ್ಡಲಾಗಿಟ್ಟು ಆ ತಿರುಗನ್ನು ತಡೆಯತಕ್ಕದ್ದೆಂಬುವರು ಪುಚ್ಛವಾದಿಗಳು. ಒಂದರ ಮೇಲೊಂದು ಎರಡು ರೋಟರುಗಳನ್ನಿರಿಸಿ ಎದುರುಬದುರಾಗಿ ತಿರುಗಿಸಿದರೆ ಬಾಲದ ಗೊಡವೆಯೇ ಬೇಡವೆಂಬುವರು ದ್ವಿಚಕ್ರವಾದಿಗಳು. ಇವರ ಜಗಳವು ವಡಗಲೆ ತೆಂಗಲೆಗಳ ಜಗಳಕ್ಕಿಂತ ಚಿಕ್ಕ ವಯಸ್ಸಿನದಾದರೂ ತೀವ್ರತೆಯಲ್ಲಿ ಕಡಿಮೆಯಾದುದಲ್ಲ. ಪುಚ್ಛವಾದಿಗಳಿಗೆ ಆಪ್ತವಾಕ್ಯವು ಇಗೋರ್ ಸಿಕೋರ್ಸ್ಕಿಯ ವಿ.ಎಸ್. 300 ಯಂತ್ರ. ಅದು 1939ರ ಸೆಪ್ಟೆಂಬರ್ 14ರಂದು ಅಮೆರಿಕದ ಕನೆಕ್ಟಿಕಟ್ ಪ್ರಾಂತದ ಸ್ಟ್ರಾಟ್‌ಫರ್ಡಿನಲ್ಲಿ, ಹಗ್ಗಗಳ ಕಟ್ಟಿನೊಳಗೆ, ಮೊದಲು ನೆಲ ಬಿಟ್ಟಿತು. ಮರುವರ್ಷ ಅದೇ ಯಂತ್ರವು ಹಿಂದಕ್ಕೂ ಪಕ್ಕಕ್ಕೂ ಸೊಗಸಾಗಿ ಹಾರುತ್ತಿದ್ದು, ಮುಂದಕ್ಕೆ ಹಾರುವುದಕ್ಕೆ ಮಾತ್ರ ಮನಸ್ಸು ಮಾಡುತ್ತಿರಲಿಲ್ಲವೆಂಬುದನ್ನು ಹೊಸ ಸಾಧಕರು ನೆನಪಿನಲ್ಲಿಟ್ಟುಕೊಂಡರೆ ಅವರ ಆತ್ಮಗೌರವಕ್ಕೆ ಹಿತವಾದೀತು.

ಇನ್ನು ಈ ಶಾಸ್ತ್ರದ ಗಹನಭಾಗವಾದ ತಂತ್ರೀಪ್ರಕರಣ. ಪೈಲಟ್ ಸೀಟಿನಿಂದ ಗೈರೋ ಎಂಬ ಸ್ಥೈರ್ಯದಾಯಕ ಯಂತ್ರಕ್ಕೆ, ಗೈರೋವಿನಿಂದ ರೋಟರಿಗೆ ಲಾಜಿಕ್ ತಂತಿಗಳನ್ನು ಎಳೆಯತಕ್ಕದ್ದು. ಮೂತಿಯನ್ನು ಎತ್ತಿ ತಗ್ಗಿಸುವ ಪಿಚ್, ಮಗ್ಗುಲಿಗೆ ವಾಲಿಸುವ ರೋಲ್, ಮುಖವನ್ನು ಹೊರಳಿಸುವ ಯಾ, ಮೇಲಕ್ಕೂ ಕೆಳಕ್ಕೂ ಒಯ್ಯುವ ಕಲೆಕ್ಟಿವ್ ಎಂದು ನಾಲ್ಕು ಎಳೆಗಳು. ಪಿಚ್‌ಗೆ ಹೋಗಬೇಕಾದ ಎಳೆಯು ರೋಲ್‌ಗೆ ಹೋಗಿದ್ದಲ್ಲಿ, ಮುಂದೆ ಸಾಗಲೆಂದು ‘ಡಬ್ಲ್ಯೂ’ ಕೀಲಿಯನ್ನೊತ್ತಿದೊಡನೆ ಯಂತ್ರವು ಊಟವಾದ ಯಜಮಾನನಂತೆ ಮಗ್ಗುಲಾಗಿ ಮಲಗುವುದು. ಎಳೆ ಸರಿಯಾಗಿದ್ದು ಧನ ಋಣ ಚಿಹ್ನೆ ಮಾತ್ರ ತಿರುವುಮುರುವಾಗಿದ್ದರೆ ಗತಿ ಇನ್ನೂ ದಾರುಣ. ಎಡಕ್ಕೆ ವಾಲಿದುದನ್ನು ಸರಿಪಡಿಸಲು ಗೈರೋವು ಮತ್ತಷ್ಟು ಎಡಕ್ಕೆ ವಾಲಿಸುವುದು, ಆ ವಾಲನ್ನು ಸರಿಪಡಿಸಲು ಇನ್ನಷ್ಟು. ಸದುದ್ದೇಶದಿಂದ ಸರ್ವನಾಶವಾಗುವ ಬಗೆಯನ್ನು ಇಷ್ಟು ಶೀಘ್ರವಾಗಿ ತೋರಿಸಿಕೊಡುವ ಯಂತ್ರವು, ಕೆಲವು ಸಮಿತಿಗಳನ್ನು ಬಿಟ್ಟರೆ, ಬೇರೊಂದಿರಲಾರದು. ಇಷ್ಟನ್ನೂ ಸರಿಪಡಿಸಿಕೊಂಡು ಸೀಟಿನಲ್ಲಿ ಕುಳಿತರೆ ಯಂತ್ರವು ಮಿಸುಕದು; ಏಕೆಂದರೆ ಲಾಜಿಕ್ ತಂತಿ ಬೇರೆ, ವಿದ್ಯುತ್ ತಂತಿ ಬೇರೆ, ಬ್ಯಾಟರಿಯಿಂದ ಗೈರೋವಿಗೆ ಎರಡನೆಯದನ್ನು ಯಾರೂ ಎಳೆದಿರುವುದಿಲ್ಲ.

ವಿಮಾನಗಳನ್ನು ಕುರಿತು ಶಾಸ್ತ್ರ ಬರೆಯುವುದು ನಮ್ಮ ನಾಡಿಗೆ ಹೊಸದೇನಲ್ಲ. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಸಿದ ‘ವೈಮಾನಿಕ ಶಾಸ್ತ್ರ’ದ ವಿಮಾನಗಳನ್ನು 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ಪರಿಶೀಲಿಸಿ, ಅವು ಹಾರಲಾರವೆಂದು ತೀರ್ಪಿತ್ತರು. ನಮ್ಮ ಸಾಧಕನ ಸ್ಥಿತಿ ಅದಕ್ಕಿಂತ ಮೇಲು. ಅವನ ವಿಮಾನವು ಹಾರಲಾರದೆಂಬುದನ್ನು ತಿಳಿಯಲು ವಿದ್ವಾಂಸರು ಬೇಕಾಗುವುದಿಲ್ಲ.

ದೈವಕೃಪೆಯಿಂದ ಹಾರಿತೆನ್ನೋಣ. ಆಗ ಬರುವುದು ಉದ್ಧಾರಪ್ರಕರಣ. ನಕ್ಷೆಯಲ್ಲಿ ಸೂಚಿತವಾದ ಸ್ಥಳಕ್ಕೆ ಹೋಗಿ, ಅಲೆಗಳ ಮೇಲೆ ನಿಶ್ಚಲವಾಗಿ ನಿಂತು, ವಿಂಚಿನ ಹಗ್ಗವನ್ನಿಳಿಸಿ, ಆರ್ತನನ್ನು ಎತ್ತಿ ಆಸ್ಪತ್ರೆಗೆ ಮುಟ್ಟಿಸಿದರೆ ಹಣವುಂಟು. ‘ನಿಶ್ಚಲವಾಗಿ’ ಎಂಬ ವಿಶೇಷಣವನ್ನು ಬರೆಯುವುದು ಸುಲಭ. ವಿಂಚನ್ನು ಭಾರಕೇಂದ್ರದಿಂದ ದೂರ, ಅಂದವಾಗಿ ಕಾಣುವುದೆಂದು ಬಾಗಿಲ ಪಕ್ಕದಲ್ಲಿ ಇಟ್ಟವನಿಗೆ, ಹಗ್ಗಕ್ಕೆ ಭಾರ ಬಿದ್ದ ಕ್ಷಣದಲ್ಲಿ ಸೌಂದರ್ಯಮೀಮಾಂಸೆಗೂ ಬಲವಿಜ್ಞಾನಕ್ಕೂ ಇರುವ ವೈರವು ಮನದಟ್ಟಾಗುವುದು. ನಿಜಲೋಕದಲ್ಲಾದರೂ ಇದು ಸುಸೂತ್ರವಾಗಿ ಆರಂಭವಾಯಿತೆ? 1945ರ ನವೆಂಬರ್ 29ರಂದು ಅದೇ ಕನೆಕ್ಟಿಕಟ್ಟಿನ ಪೆನ್‌ಫೀಲ್ಡ್ ದಿಬ್ಬದ ಬಳಿ, ಬಿರುಗಾಳಿಗೆ ಸಿಕ್ಕಿ ಒಡೆಯುತ್ತಿದ್ದ ನಾವೆಯಿಂದ ಸಿಕೋರ್ಸ್ಕಿ ಆರ್-5 ಹೆಲಿಕಾಪ್ಟರು ವಿಂಚಿನಿಂದಲೇ ಇಬ್ಬರನ್ನು ಎತ್ತಿ ಉಳಿಸಿತು. ಎರಡನೆಯವನನ್ನು ಎತ್ತುವಾಗ ವಿಂಚು ಸಿಕ್ಕಿಕೊಂಡುದರಿಂದ ಆ ಪುಣ್ಯಾತ್ಮನು ಹೊರಗೆ ತೂಗಾಡುತ್ತಲೇ ದಡ ಸೇರಿದನು.

ಆದರೆ ನಮ್ಮ ಸಾಧಕನಿಗೆ ಹಗ್ಗ ಸಿಕ್ಕಿಕೊಳ್ಳುವವರೆಗಿನ ಭಾಗ್ಯವೂ ದುರ್ಲಭ. ಬಹುತೇಕ ಪ್ರಸಂಗಗಳಲ್ಲಿ ಆರ್ತನೂ ಉದ್ಧಾರಕನೂ ಒಂದೇ ನೀರಿನಲ್ಲಿ, ಹೆಚ್ಚೇನೂ ಅಂತರವಿಲ್ಲದೆ, ತೇಲತೊಡಗುವರು. ಜೀವಾತ್ಮ ಪರಮಾತ್ಮರ ಭೇದವು ಅಳಿಯುವ ಇಂಥ ಅದ್ವೈತವು ಶಂಕರಭಾಷ್ಯದಲ್ಲಿ ದೊರೆಯದು. ವರ್ಕ್‌ಬೆಂಚಿಗೆ ಮರಳಿದರೆ ಅದೇ ಯಂತ್ರವು ಅಖಂಡವಾಗಿ ಪುನರ್ಜನ್ಮ ತಾಳುವುದೆಂಬುದು ದಿಟ. ಆದರೆ ವರ್ಕ್‌ಬೆಂಚು ದಡದಲ್ಲಿದೆ, ಸಾಧಕನು ನಡುಗಡಲಲ್ಲಿದ್ದಾನೆ.

ಆದುದರಿಂದ ಸಿದ್ಧಾಂತವಿಷ್ಟೆ. ಹೆಲಿಕಾಪ್ಟರಿನ ಮೊದಲನೆಯ ಬ್ಲಾಕನ್ನಿಡುವುದಕ್ಕೆ ಮೊದಲು, ವಾಚಕ ಮಹಾಶಯರು ಸಣ್ಣದೊಂದು ದೋಣಿಯನ್ನು ಕಟ್ಟಿ, ಅದನ್ನು ನಡೆಸಬಲ್ಲ ಸ್ನೇಹಿತನೊಬ್ಬನನ್ನು ದಡದಲ್ಲಿ ಕೂರಿಸಿಕೊಳ್ಳತಕ್ಕದ್ದು. ಆ ದೋಣಿಗೆ ಗೈರೋ ಬೇಡ.