ಸಿಹಿನೀರಿನ ಕುಲೀನೆ

ಮಿಷಿಗನ್ ಸಂಸ್ಥಾನದ ಸೇಂಟ್ ಕ್ಲೇರ್ ಸರೋವರದ ತೀರದಲ್ಲಿ, ಏಪ್ರಿಲ್ ತಿಂಗಳಾದರೂ ಚಳಿಯು ಹೊರಡುವ ಮಾತನ್ನೇ ಎತ್ತದಿದ್ದ ಒಂದು ಅಪರಾಹ್ನ, ಹಿಮಗಾಲವನ್ನೆಲ್ಲ ನೆಲದ ಮೇಲೆ ಕಳೆದ ಅಸಂಖ್ಯ ದೋಣಿಗಳ ನಡುವೆ, ಕಬ್ಬಿಣದ ಊರೆಗಳ ಆಸರೆಯಲ್ಲಿ ನಿಂತು, ಬಿಳಿಯ ಪ್ಲಾಸ್ಟಿಕ್ ಹೊದಿಕೆಯನ್ನು ಅರ್ಧ ಕಳಚಿಕೊಂಡು, ‘ಮಾರಾಟಕ್ಕಿದೆ’ ಎಂಬ ಫಲಕವನ್ನು ಮೂತಿಗೆ ಕಟ್ಟಿಸಿಕೊಂಡಿದ್ದ 38 ಅಡಿಯ ಒಂದು ಕ್ರಿಸ್-ಕ್ರಾಫ್ಟ್ ಕಮಾಂಡರ್ ವಿಹಾರನೌಕೆಯು ನಮಗೆ ಸಂದರ್ಶನವನ್ನು ದಯಪಾಲಿಸಿತು. ಆಕೆಯ ವಯಸ್ಸನ್ನು ಕೇಳುವ ಧಾರ್ಷ್ಟ್ಯ ನಮಗೆ ಬರಲಿಲ್ಲ; ಹಿಂಬದಿಯ ಹಲಗೆಯಲ್ಲಿ ಒಂದರ ಮೇಲೊಂದು ಬಳಿದು ಅಳಿಸಿದ ಹೆಸರುಗಳ ಮಾಸಿದ ನೆರಳುಗಳೇ ಆ ಲೆಕ್ಕವನ್ನು ಹೇಳುತ್ತಿದ್ದುವು.

ಸಂದರ್ಶಕ: ತಮ್ಮ ವಂಶವೃತ್ತಾಂತದಿಂದ ಆರಂಭಿಸೋಣವೇ?

ನೌಕೆ: ಅವಶ್ಯವಾಗಿ. ಕೊಳ್ಳಲು ಬರುವವರು ಮೊದಲು ಮರುಳಾಗುವುದೇ ಅದಕ್ಕೆ. ನಮ್ಮ ಮೂಲಪುರುಷ ಕ್ರಿಸ್ಟೋಫರ್ ಕೊಲಂಬಸ್ ಸ್ಮಿತ್ ಎಂಬಾತ ಇಲ್ಲಿಗೆ ಅನತಿದೂರದ ಆಲ್ಗೊನ್ಯಾಕ್ ಎಂಬ ಊರಿನಲ್ಲಿ ಬಾತುಕೋಳಿಯ ಬೇಟೆಗಾರರಿಗೆ ದೋಣಿ ಕಟ್ಟಿಕೊಡುತ್ತಿದ್ದವನು, ಕಾಲಕ್ರಮದಲ್ಲಿ ಗಾರ್ ವುಡ್ ಎಂಬ ಧನಿಕನಿಗೆ ಪಂದ್ಯದ ದೋಣಿಗಳನ್ನು ಕಟ್ಟಿಕೊಟ್ಟನು. 1920ರಲ್ಲಿ ಅವುಗಳಲ್ಲೊಂದು ಇಂಗ್ಲೆಂಡಿಗೆ ಹೋಗಿ ಹಾರ್ಮ್ಸ್‌ವರ್ತ್ ಪಾರಿತೋಷಕವನ್ನು ಗೆದ್ದು ತಂದಿತು. ಅವರೆಲ್ಲ ಮಹಾಗನಿ ಮರದ ಪೀಳಿಗೆಯವರು. 1960ರಲ್ಲಿ ಸ್ಮಿತ್ ಮನೆತನದವರು ಕ್ರಿಸ್-ಕ್ರಾಫ್ಟ್ ಕಾರ್ಖಾನೆಯನ್ನು ಮಾರಿಬಿಟ್ಟರು. 1964ರಲ್ಲಿ ಹೊಸ ಯಜಮಾನರು ನನ್ನ ಮಾದರಿಯನ್ನು ಫೈಬರ್‌ಗ್ಲಾಸಿನಲ್ಲಿ ಎರಕ ಹೊಯ್ದರು. ಆ ಹೊಸ ದ್ರವ್ಯದ ಬಲವೆಷ್ಟೆಂಬುದರಲ್ಲಿ ಆಗಿನವರಿಗೆ ಪೂರ್ಣ ವಿಶ್ವಾಸವಿರಲಿಲ್ಲವಾಗಿ, ಇರಲಿ ಎಂದು ಪದರದ ಮೇಲೆ ಪದರವಿಟ್ಟು ದಪ್ಪವಾಗಿ ಕಟ್ಟಿದರು. ಅವರ ಸಂಶಯವೇ ನನ್ನ ದೀರ್ಘಾಯುಷ್ಯ.

ಸಂದರ್ಶಕ: ಜಾಹೀರಾತಿನಲ್ಲಿ ‘ಜನ್ಮಾರಭ್ಯ ಸಿಹಿನೀರು’ ಎಂದು ದಪ್ಪಕ್ಷರಗಳಲ್ಲಿ ಅಚ್ಚಾಗಿದೆಯಲ್ಲ?

ನೌಕೆ: ನಮ್ಮಲ್ಲಿ ಕುಲಗೋತ್ರವೆಂದರೆ ಅದೇ. ಉಪ್ಪುನೀರನ್ನು ಕುಡಿದ ಎಂಜಿನ್ನಿನ ಎಕ್ಸಾಸ್ಟ್ ಮ್ಯಾನಿಫೋಲ್ಡು ಕೆಲವೇ ವರ್ಷಗಳಲ್ಲಿ ಒಳಗಿಂದೊಳಗೆ ತುಕ್ಕು ತಿಂದು, ತಣಿಸಲು ಬಂದ ನೀರನ್ನೇ ಸಿಲಿಂಡರಿನೊಳಕ್ಕೆ ಸುರಿದು, ಯಜಮಾನನನ್ನು ಸಾಲಗಾರನನ್ನಾಗಿ ಮಾಡುತ್ತದೆ. ನಾನು ಆ ಮೈಲಿಗೆಯನ್ನು ಅರಿಯೆ. ಹೀಗಿದ್ದರೂ, ತಾವು ಪತ್ರಿಕೆಯವರೆಂಬ ಸಲುಗೆಯಿಂದ ಒಂದು ಗುಟ್ಟನ್ನು ಹೇಳುತ್ತೇನೆ. ಮಳೆಯ ನೀರೂ ಸಿಹಿನೀರೇ. ಕಬ್ಬಿಣವನ್ನು ಉಪ್ಪು ತಿನ್ನುತ್ತದೆ, ಮರವನ್ನು ಸಿಹಿ ತಿನ್ನುತ್ತದೆ. ನಮ್ಮಂಥವರ ಡೆಕ್ಕಿನಲ್ಲಿ ಎರಡು ಗಾಜುನಾರಿನ ಪದರಗಳ ನಡುವೆ ಮರದ ತಿರುಳನ್ನು ಇಡುವುದು ವಾಡಿಕೆ. ಯಾರೋ ಒಬ್ಬ ಯಜಮಾನ ಮೀನುಗಾಳದ ಕೋಲನ್ನು ನಿಲ್ಲಿಸಲೆಂದು ಒಂದು ತಿರುಪನ್ನು ಜಡಿದು, ಅದರ ಬುಡಕ್ಕೆ ಸೀಲಂಟು ಬಳಿಯಲು ಸೋಮಾರಿತನ ಮಾಡಿದರೆ, ಆ ರಂಧ್ರದಿಂದ ಇಳಿದ ಹನಿಗಳು ವರ್ಷಗಟ್ಟಲೆ ಒಳಗೇ ಕುಳಿತು ತಿರುಳನ್ನು ಒದ್ದೆಗೂಳಾಗಿಸುತ್ತವೆ. ಮೇಲೆ ನೋಡಿದರೆ ಬಣ್ಣ ಥಳಥಳ. ಮುಂಭಾಗದ ಎಡಮಗ್ಗುಲಿನಲ್ಲಿ ಕಾಲಿಟ್ಟು ನೋಡಿ. ಛೆ, ಅಷ್ಟು ಜೋರಾಗಿ ಅಲ್ಲ!

(ನಾವು ಏಣಿಯನ್ನೇರಿ ಕಾಲಿಟ್ಟೆವು. ಹಿಮ್ಮಡಿಯ ಕೆಳಗೆ ನೆಲವು ಬೆರಳಿನಷ್ಟು ತಗ್ಗಿ, ನಿಟ್ಟುಸಿರಿಟ್ಟು, ಮತ್ತೆ ಮೇಲೆದ್ದಿತು.)

ಸಂದರ್ಶಕ: ಇಷ್ಟು ಭವ್ಯವಾದ ಶರೀರಕ್ಕೆ ಹೊಸ ಕಾರಿಗಿಂತ ಕಡಿಮೆ ಬೆಲೆಯನ್ನು ಕಟ್ಟಿರುವುದು ಆಶ್ಚರ್ಯ.

ನೌಕೆ: ಡೆಟ್ರಾಯ್ಟಿನ ಕಾರ್ಖಾನೆಗಳಲ್ಲಿ ಎಂಜಿನಿಯರಾಗಿರುವ ತಮ್ಮ ಕನ್ನಡಿಗರೊಬ್ಬರು ಹೋದ ವಾರ ಬಂದು ಇದನ್ನೇ ಹೇಳಿ, ಬೆಲೆಯನ್ನು ಇನ್ನೂ ಇಳಿಸಲು ಚೌಕಾಶಿ ಮಾಡಿದರು. ಹಿಂದಿನ ಯಜಮಾನರು ಯಾವ ಯಾವ ವರ್ಷ ಏನೇನನ್ನು ‘ಮುಂದಿನ ಸಾಲಿಗೆ ನೋಡೋಣ’ ಎಂದು ಬಿಟ್ಟರೋ ಅದೆಲ್ಲದರ ಮೊತ್ತವನ್ನು ಪೂರ್ಣಬೆಲೆಯಿಂದ ಕಳೆದರೆ ಉಳಿಯುವುದೇ ನನ್ನ ಈಗಿನ ಬೆಲೆ. ಕೊಂಡವರು ಆ ‘ಮುಂದಿನ ಸಾಲು’ಗಳನ್ನೆಲ್ಲ ಒಟ್ಟಿಗೆ ಕೊಳ್ಳುತ್ತಾರೆ. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎಂದು ತಮ್ಮಲ್ಲಿ ಗಾದೆಯಿದೆಯಷ್ಟೆ? ನಾನು ಇದ್ದರೂ ನೀವೇ ಕೊಡಬೇಕು, ಸತ್ತರೂ ನೀವೇ ಕೊಡಬೇಕು. ಫೈಬರ್‌ಗ್ಲಾಸನ್ನು ಗುಜರಿಯವನು ಮುಟ್ಟುವುದಿಲ್ಲ. ಕೊಯ್ದು ಹೂಳಲು ಕೂಲಿ ತೆರಬೇಕು.

ಸಂದರ್ಶಕ: ಹಾಗಾದರೆ ಸಣ್ಣ ದೋಣಿಯೇ ಲೇಸಲ್ಲವೇ?

ನೌಕೆ: ಸಣ್ಣ ದೋಣಿಯಿಂದಲೇ ಅವರು ನನ್ನ ಬಳಿಗೆ ಬರುವುದು. ಇನ್ನೆರಡು ಅಡಿ ಉದ್ದವಿದ್ದಿದ್ದರೆ ಸಂಸಾರ ಸುಖವಾಗಿರುತ್ತಿತ್ತು ಎಂಬ ವ್ಯಾಧಿಯೊಂದು ಈ ತೀರದಲ್ಲಿ ಪ್ರತಿ ಬೇಸಗೆಯಲ್ಲೂ ಹರಡುತ್ತದೆ. 19 ಅಡಿಯ ದೋಣಿಯನ್ನು ಬಿಟ್ಟು 38 ಅಡಿಗೆ ಬಂದಾತನು, ಉದ್ದ ಇಮ್ಮಡಿಯಾಯಿತು, ಖರ್ಚೂ ಇಮ್ಮಡಿಯಾದೀತು ಎಂದು ಭಾವಿಸುತ್ತಾನೆ. ಉದ್ದ, ಅಗಲ, ಎತ್ತರ ಮೂರೂ ಇಮ್ಮಡಿಯಾದರೆ ಗಾತ್ರವು ಎಂಟು ಪಾಲಾಗುತ್ತದೆಂದು ಶಾಲೆಯಲ್ಲಿ ಕಲಿತದ್ದು ಆಗ ನೆನಪಿಗೆ ಬಾರದು. ದೋಣಿ ನಿಲ್ಲಿಸುವ ಮರೀನಾದವರು ಅಡಿಯ ಲೆಕ್ಕದಲ್ಲಿ ಬಾಡಿಗೆ ಎಣಿಸುತ್ತಾರೆ, ಕ್ರೇನಿನವರು ಅಡಿಯ ಲೆಕ್ಕದಲ್ಲಿ ಎತ್ತುತ್ತಾರೆ. ಎಂಜಿನುಗಳು ಎರಡಾದ್ದರಿಂದ ಮಿಕ್ಕ ರೋಗಗಳೆಲ್ಲ ಅವಳಿಜವಳಿಯಾಗಿಯೇ ಬರುತ್ತವೆ. ಇನ್ನು ಶೌಚಾಲಯದ ವಿಷಯ. ಈ ಸರೋವರಗಳಿಗೆ ಕಲ್ಮಷವನ್ನು ಬಿಡುವುದು ನಿಷಿದ್ಧವಾದುದರಿಂದ ಅದೆಲ್ಲ ನನ್ನ ಹೊಟ್ಟೆಯ ತೊಟ್ಟಿಯಲ್ಲೇ ಸಂಗ್ರಹವಾಗಿ, ರಬ್ಬರ್ ಕೊಳವೆಗಳ ಮೈಯಿಂದ ಪರಿಮಳವಾಗಿ ಒಸರುತ್ತದೆ. ಕುಟುಂಬವಿಹಾರದ ಭವಿಷ್ಯವು ಬಹುಮಟ್ಟಿಗೆ ಈ ಕೊಳವೆಗಳ ವಯಸ್ಸನ್ನು ಅವಲಂಬಿಸಿದೆ. ಎಂಜಿನ್ನಿನ ಅಶ್ವಶಕ್ತಿಯನ್ನು ವಿಚಾರಿಸುವ ಗಂಡಸರು ಇದನ್ನು ಕೇಳಿದ್ದನ್ನು ನಾನು ಕಾಣೆ. ಹೆಂಗಸರು ಒಳಗೆ ಬಂದೊಡನೆ ಮೂಗಿನಿಂದಲೇ ತಿಳಿದುಬಿಡುತ್ತಾರೆ.

ಸಂದರ್ಶಕ: ತಮ್ಮ ವೇಗ?

ನೌಕೆ: ವೇಗದ ಮಾತು ಎರಡು ಬಗೆ. ನೀರ್ಗೆರೆಯ ಉದ್ದವನ್ನು ಉದಾರವಾಗಿ 36 ಅಡಿ ಎಂದು ಹಿಡಿಯಿರಿ, ಅದರ ವರ್ಗಮೂಲ 6, ಅದನ್ನು 1.34ರಿಂದ ಗುಣಿಸಿದರೆ ಸುಮಾರು 8 ನಾಟ್. ಆ ಮಿತಿಯೊಳಗೆ ನಾನು ನೀರನ್ನು ನಯವಾಗಿ ಸರಿಸಿಕೊಂಡು ಮಿತಾಹಾರಿಯಾಗಿ ಸಾಗುತ್ತೇನೆ. ಅದನ್ನು ಮೀರಬೇಕೆಂದರೆ ನನ್ನ ಭಾರವನ್ನೆಲ್ಲ ನನ್ನದೇ ಅಲೆಯ ಬೆನ್ನಿನ ಮೇಲಕ್ಕೆ ಹತ್ತಿಸಬೇಕು. ಆಗ ಎರಡು ವಿ-8 ಎಂಜಿನುಗಳು ಒಂದೊಂದು ಮೈಲಿಗೂ ಒಂದು ಗ್ಯಾಲನ್ನಿಗಿಂತ ಹೆಚ್ಚು ಪೆಟ್ರೋಲನ್ನು ಆಪೋಶನ ತೆಗೆದುಕೊಳ್ಳುತ್ತವೆ. ನೆರೆಯವರು ನೋಡಲೆಂದು ಒಮ್ಮೆ ಹಾಗೆ ಓಡಿಸಿ, ಅನಂತರ ಎಲ್ಲರೂ 8 ನಾಟ್‌ನ ವೇದಾಂತಿಗಳಾಗುತ್ತಾರೆ.

ಸಂದರ್ಶಕ: ಆ ಎಂಜಿನಿಯರರಿಗೆ ದುರಸ್ತಿಯೇನೂ ಕಷ್ಟವಾಗದು, ಎಂಜಿನು ಕಾರಿನ ವಂಶದ್ದೇ ತಾನೇ?

ನೌಕೆ: ನನಗೆ ಭಯವಿರುವುದು ಅಂಥವರಿಂದಲೇ! ಅನಕ್ಷರಸ್ಥನಾದರೆ ಮೆಕ್ಯಾನಿಕ್ಕನ್ನು ಕರೆಸುತ್ತಾನೆ. ಇವರು ಸ್ಟಾರ್ಟರ್ ಮೋಟಾರು ಕೆಟ್ಟರೆ ‘ಬ್ಲಾಕು ಅದೇ, ಹಲ್ಲುಗಳು ಅವೇ’ ಎಂದು ಕಾರಿನ ಅಂಗಡಿಯಿಂದ ಅರ್ಧಬೆಲೆಗೆ ತಂದು ಕೂರಿಸುತ್ತಾರೆ. ಕಾರಿನ ಬುಡ ಬಯಲು. ಸೋರಿದ ಪೆಟ್ರೋಲಿನ ಆವಿ ಗಾಳಿಯಲ್ಲಿ ಚದರಿಹೋಗುತ್ತದೆ. ನನ್ನ ಬುಡವಾದರೋ ಬಿಲ್ಜ್ ಎಂಬ ಮುಚ್ಚಿದ ತೊಟ್ಟಿ. ಗಾಳಿಗಿಂತ ಭಾರವಾದ ಆ ಆವಿ ಬಿಲ್ಜಿನಲ್ಲಿ ಮಡುಗಟ್ಟಿ ಕಿಡಿಯೊಂದಕ್ಕಾಗಿ ಕಾದಿರುತ್ತದೆ. ಹಡಗಿನ ಸ್ಟಾರ್ಟರು ದುಬಾರಿಯಾಗಿರುವುದು ಕಿಡಿಯನ್ನು ತನ್ನೊಳಗೇ ಅಡಗಿಸಿಕೊಳ್ಳುವ ಕವಚದಿಂದ. ಅಷ್ಟಲ್ಲದೆ, ಕೀಲಿ ತಿರುಗಿಸುವ ಮೊದಲು ನಾಲ್ಕು ನಿಮಿಷ, ಆವಿಯನ್ನು ಹೊರದೂಡುವ ಬ್ಲೋಯರನ್ನು ಓಡಿಸಿ ಮೂಸಿ ನೋಡಬೇಕು. ಮಕ್ಕಳು ಅವಸರ ಮಾಡುತ್ತಾರೆಂದು ಈ ನಾಲ್ಕು ನಿಮಿಷವನ್ನು ಕಡಿತಗೊಳಿಸುವ ತಂದೆಯರಿಗೆ ನನ್ನನ್ನು ಮಾರಬಾರದು.

ಸಂದರ್ಶಕ: ಮಕ್ಕಳ ವಿಚಾರವಾಗಿ ಇನ್ನೇನಾದರೂ?

ನೌಕೆ: (ಇಲ್ಲಿಯವರೆಗಿನ ಲಘುತ್ವವನ್ನು ತೊರೆದು) ಆರು ವರ್ಷದೊಳಗಿನ ಮಕ್ಕಳು ತೆರೆದ ಡೆಕ್ಕಿನಲ್ಲಿ ತೇಲಂಗಿಯನ್ನು ತೊಟ್ಟಿರಬೇಕೆಂದು ಇಲ್ಲಿಯ ಕಾನೂನು, ಅದನ್ನು ಎಲ್ಲರೂ ಬಲ್ಲರು. ಅರಿಯದವು ಬೇರೆ ಇವೆ. ನಾನು ಮುಂದೆ ಸಾಗುವಾಗ ನನ್ನ ಬೆನ್ನ ಹಿಂದೆ ಗಾಳಿಯ ಒತ್ತಡ ತಗ್ಗಿ, ಎಕ್ಸಾಸ್ಟಿನ ಹೊಗೆ ಹಿಂದಿರುಗಿ ಕ್ಯಾನ್ವಾಸಿನ ಪರದೆಯೊಳಕ್ಕೆ ನುಗ್ಗುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಗು ತೂಕಡಿಸಿದರೆ ಬಿಸಿಲಿಗೆ ಬಳಲಿತೆಂದು ತಾಯಿ ಹೊದಿಸಿ ಮಲಗಿಸುತ್ತಾಳೆ. ಪರದೆಯನ್ನು ಸರಿಸಿ, ಮುಂದಿನ ಕಿಟಕಿಯನ್ನೂ ತೆರೆದು, ಎಚ್ಚರಿಕೆಯ ಯಂತ್ರವೊಂದನ್ನು ಕ್ಯಾಬಿನ್ನಿನಲ್ಲಿ ತೂಗುಹಾಕಬೇಕು. ಇನ್ನೊಂದು. ದಡದಿಂದ ವಿದ್ಯುತ್ ತಂತಿಯನ್ನು ಎಳೆದುಕೊಂಡು ನಿಂತ ದೋಣಿಗಳ ನಡುವೆ ಮಕ್ಕಳನ್ನು ಈಜಲು ಬಿಡಲೇಬಾರದು. ಯಾವುದೋ ದೋಣಿಯ ಹಳೆಯ ತಂತಿ ನೀರಿಗೆ ವಿದ್ಯುತ್ತನ್ನು ಸೋರಿಸಿದರೆ, ಉಪ್ಪುನೀರಿನಲ್ಲಿ ಅದು ನೀರಿನಲ್ಲೇ ಹಂಚಿಹೋಗುತ್ತದೆ. ಸಿಹಿನೀರು ಕೆಟ್ಟ ವಾಹಕವಾದ್ದರಿಂದ, ತನಗಿಂತ ಒಳ್ಳೆಯ ವಾಹಕವಾದ ಮನುಷ್ಯನ ಮೈಯನ್ನೇ ಅದಕ್ಕೆ ಹಾದಿಯಾಗಿ ಬಿಟ್ಟುಕೊಡುತ್ತದೆ. ಕೈಕಾಲು ಮರಗಟ್ಟಿ ಈಜುಬಲ್ಲವರೂ ಮುಳುಗುತ್ತಾರೆ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಮೆರೆಯುವ ನನ್ನ ಕುಲೀನತೆಗೆ ಈ ಮುಖವೂ ಉಂಟು.

ಸಂದರ್ಶಕ: ಇಷ್ಟೆಲ್ಲ ತಿಳಿದೂ ಜನ ತಮ್ಮನ್ನು ಕೊಳ್ಳುವುದೇಕೆ?

ನೌಕೆ: ಜುಲೈ ತಿಂಗಳ ಒಂದು ಸಂಜೆ ನನ್ನನ್ನು ಆಲ್ಗೊನ್ಯಾಕಿನ ಕೆಳಗೆ, ನದಿ ಹಲವು ಕವಲೊಡೆದು ಸರೋವರಕ್ಕೆ ಬೀಳುವ ಜೊಂಡಿನ ಬಯಲಿನಲ್ಲಿ ಲಂಗರು ಹಾಕಿ ನಿಲ್ಲಿಸಿ ನೋಡಿ. ದೂರದ ಕಾಲುವೆಯಲ್ಲಿ ಅದಿರು ತುಂಬಿದ ಹಡಗು ಹುಲ್ಲಿನ ಮೇಲೆಯೇ ತೆವಳುವಂತೆ ತೋರುತ್ತದೆ. ಹದಿನಾಲ್ಕರ ಹುಡುಗ ತಾನಾಗಿ ಬಂದು ತಂದೆಯ ಪಕ್ಕದಲ್ಲಿ ಕುಳಿತುಕೊಳ್ಳುತ್ತಾನೆ, ಏಕೆಂದರೆ 38 ಅಡಿಯಲ್ಲಿ ಬೇರೆಲ್ಲಿಗೂ ಹೋಗುವಂತಿಲ್ಲ. ಅದಕ್ಕಾಗಿ ಅಷ್ಟು ಹಣವೇ ಎಂದು ಕೇಳುವ ಅಧಿಕಾರ ನನಗಿಲ್ಲ; ಹಣ ನನ್ನದಲ್ಲವಷ್ಟೆ.

(ಅಷ್ಟರಲ್ಲಿ ಅಂಗಳದ ಬಾಗಿಲಲ್ಲಿ ಕಾರೊಂದು ನಿಂತಿತು. ಎಂಜಿನಿಯರ್ ಮಹಾಶಯರೂ ಅವರ ಧರ್ಮಪತ್ನಿಯವರೂ ಇಳಿದರು. ಹಿಂದೆಯೇ ತೇವಮಾಪಕವನ್ನೂ ಪುಟ್ಟ ಸುತ್ತಿಗೆಯನ್ನೂ ಹಿಡಿದ, ನೌಕೆಗಳನ್ನು ಪರೀಕ್ಷಿಸುವ ಸರ್ವೆಯರ್. ಗಟ್ಟಿಯಿದ್ದಲ್ಲಿ ಟಣ್ಣೆಂದೂ ಕೊಳೆತಲ್ಲಿ ದಬ್ಬೆಂದೂ ನುಡಿಸುವ ಆ ಸುತ್ತಿಗೆಯ ವರದಿಯಿಲ್ಲದೆ ವಿಮೆಯವರು ಹಳೆಯ ನೌಕೆಗೆ ಸಾಮಾನ್ಯವಾಗಿ ವಿಮೆ ಕೊಡರು.)

ನೌಕೆ: ಸಂದರ್ಶನ ಇಲ್ಲಿಗೆ ಸಾಕು, ಸ್ವಾಮಿ. ತಾವು ಇಳಿಯಬೇಡಿ. ಆ ಎಡಮಗ್ಗುಲಿನ ಮೇಲೆಯೇ, ಹಾಂ, ಅಲ್ಲಿಯೇ, ಸರೋವರದ ಸೌಂದರ್ಯವನ್ನು ನೋಡುತ್ತಿರುವವರ ಹಾಗೆ ನಿಂತಿರಿ; ಆ ಸರ್ವೆಯರ್ ಎಷ್ಟು ಕೇಳಿಕೊಂಡರೂ ಸರಿಯಬೇಡಿ.